ಹಳ್ಳಕ್ಕೆ ಬಿಟ್ಟ ನೀಲಿ

ಹೊನ್ನಕೊಳ್ಳ ಎಂಬ ಸಣ್ಣ ಊರಿನ ಬೆನ್ನಿಗೆ ಕೆಂಪು ಕಲ್ಲಿನ ಗುಡ್ಡವೊಂದಿದೆ. ಗುಡ್ಡ ನಡುವೆ ಸೀಳಿ ಕೊಳ್ಳವಾಗಿದೆ. ಕೊಳ್ಳದ ಒಳತುದಿಯಲ್ಲಿ ಬಂಡೆಯ ಸಂದಿನಿಂದ ವರುಷವಿಡೀ ನೀರು ಜಿನುಗಿ, ಕೆಳಗೊಂದು ಹೊಂಡ ತುಂಬಿ, ಅಲ್ಲಿಂದ ಹಳ್ಳವಾಗಿ ಊರಿನ ನಡುವೆ ಹಾದು ಹೋಗುತ್ತದೆ. ಪೂಜ್ಯ ಗುರುಪಾದಯ್ಯನವರು ತಮ್ಮ ಜೀವಿತದ ಕೊನೆಯ ಹದಿನೆಂಟು ವರುಷಗಳನ್ನು ಕಳೆದದ್ದು ಈ ಹೊಂಡದ ಪಕ್ಕದಲ್ಲಿ. ಅವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಮೈಗೊಂದು ಕಂಬಳಿ, ತಲೆಯ ಮೇಲೆ ಚಾಚಿಕೊಂಡಿದ್ದ ಬಂಡೆಯೊಂದೇ ಸೂರು. ಬೆಳಗಾಗುತ್ತಲೇ ನೀರಿನ ಮೇಲೆ ಬಿದ್ದ ಎಲೆಗಳನ್ನು ಒಂದೊಂದಾಗಿ ಆರಿಸಿ ತೆಗೆಯುವುದು ಅವರ ಪೂಜೆ. ಎಲೆಯ ಮೇಲೆ ಇರುವೆಯೇನಾದರೂ ಇದ್ದರೆ ಅದು ದಡಕ್ಕೆ ಇಳಿದು ಹೋಗುವವರೆಗೆ ಎಲೆಯನ್ನು ಹಿಡಿದುಕೊಂಡೇ ಕೂತಿರುತ್ತಿದ್ದರು. ಊರವರು ಭಕ್ತಿಯಿಂದ ಅವರನ್ನು ಕೊಳ್ಳದಜ್ಜನವರು ಎಂದು ಕರೆಯುತ್ತಿದ್ದರು.

ಅಜ್ಜನವರಿಗೆ ಮಾತು ಬಹಳ ಕಡಿಮೆ. ಕಷ್ಟ ಹೇಳಿಕೊಳ್ಳಲೆಂದು ಹೋದವರು ನೀರಿನ ಸದ್ದು ಕೇಳುತ್ತ ಕೂತು, ಏನು ಕೇಳಲು ಬಂದಿದ್ದೆವೆಂಬುದನ್ನೇ ಮರೆತು ಹಿಂದಿರುಗಿದ್ದುಂಟು. ಹಾಗೆ ಮರೆತವರಲ್ಲಿ ಬಹಳ ಜನರಿಗೆ ಕಷ್ಟವೂ ಮನೆ ಮುಟ್ಟುವಷ್ಟರಲ್ಲಿ ಹಗುರಾಗಿರುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಆದರೆ ಒಬ್ಬನಿಗೆ ಮಾತ್ರ ಹಾಗೆ ಸುಲಭವಾಗಿ ಬಿಡುಗಡೆ ಸಿಗಲಿಲ್ಲ. ಅವನು ಕಂಠೆಪ್ಪ ನೀಲಗಾರ. ಅವನ ಕಥೆಯನ್ನು ನನಗೆ ಹೇಳಿದವರು ಅದನ್ನು ನಗುತ್ತ ಆರಂಭಿಸಿ, ಮುಗಿಸುವಾಗ ಕಣ್ಣೊರೆಸಿಕೊಂಡರು. ನನಗೂ ಹಾಗೆಯೇ ಹೇಳಲು ಬರುತ್ತದೆ.

ಹೊನ್ನಕೊಳ್ಳ ನೇಕಾರರ ಊರು. ಓಣಿ ಓಣಿಯಲ್ಲಿ ಮಗ್ಗ. ಆ ಮಗ್ಗಗಳಿಗೆ ನೀಲಿ ನೂಲು ಒದಗಿಸುವವರು ಹಳ್ಳದ ದಂಡೆಯ ನಾಲ್ಕು ಮನೆಯ ನೀಲಗಾರರು. ಅವರ ಮನೆಯ ಹರವಿಯೆಂದರೆ ಬರಿಯ ಪಾತ್ರೆಯಲ್ಲ. ಆಳೆತ್ತರದ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂತು, ಅದರೊಳಗೆ ನೀಲಿಯ ಉಂಡೆ, ಸುಣ್ಣದ ತಿಳಿ, ಬೇಯಿಸಿದ ತಗಚೆ ಬೀಜ ಹಾಕಿ ಹುಳಿಗೆ ಬಿಡುತ್ತಾರೆ. ಹುಳಿ ಕೂಡಿಬಂದರೆ ಮೇಲೆ ತಾಮ್ರದ ಬಣ್ಣದ ನೊರೆ ಏಳುತ್ತದೆ, ಒಳಗಿನ ನೀರು ಹಸಿರಾಗುತ್ತದೆ. ಅದ್ದಿದ ನೂಲು ಹಸಿರಾಗಿಯೇ ಮೇಲೆ ಬಂದು, ಗಾಳಿ ತಾಗಿದ ಹಾಗೆ ನೋಡನೋಡುತ್ತ ನೀಲಿಗೆ ತಿರುಗುತ್ತದೆ. ಒಮ್ಮೆ ಎದ್ದ ಹರವಿಯನ್ನು ಯಾರೂ ಬರಿದು ಮಾಡುವುದಿಲ್ಲ. ತಳದಲ್ಲಿ ಉಳಿದ ಹಳೆಯ ಗಸಿಯ ಮೇಲೆಯೇ ಹೊಸದನ್ನು ಸೇರಿಸುತ್ತ ಹೋಗುತ್ತಾರೆ. ಕಂಠೆಪ್ಪನ ಹರವಿ ಅವನ ಮುತ್ತಜ್ಜ ಹೂಡಿದ್ದು. ಮನೆಗೆ ಬಂದ ಸೊಸೆ ಮೊದಲು ಅದಕ್ಕೆ ಕೈಮುಗಿದು, ಆಮೇಲೆ ಅತ್ತೆಯ ಕಾಲಿಗೆ ಬೀಳಬೇಕು.

ಇಂಥ ಹರವಿ ಒಮ್ಮೊಮ್ಮೆ ಮುನಿಸಿಕೊಳ್ಳುತ್ತದೆ. ನೊರೆ ಬಿದ್ದುಹೋಗಿ, ನೀರು ಮಂಕಾಗಿ, ನೂಲಿಗೆ ಬಣ್ಣವೇ ಹಿಡಿಯುವುದಿಲ್ಲ. ಆಗ ನೀಲಗಾರರು ಮಾಡುತ್ತಿದ್ದ ಉಪಾಯ ಕೇಳಿದರೆ ನಿಮಗೆ ನಗು ಬಂದೀತು. ಊರಲ್ಲಿ ಒಂದು ಸುಳ್ಳು ಸುದ್ದಿ ಬಿಡುತ್ತಿದ್ದರು! ಗುಡ್ಡದ ಕರಡಿ ಇಳಿದು ಬಂದು ಗುಡಿಯ ಹಿಂದೆ ಕೂತು ಭಜನೆ ಕೇಳಿತಂತೆ, ಕೆರೆಯ ಕೊಕ್ಕರೆ ತಾಮ್ರದ ಮೊಟ್ಟೆ ಇಟ್ಟಿತಂತೆ, ಹೀಗೆ. ಸುದ್ದಿ ಊರೆಲ್ಲ ತಿರುಗಿ, ಬೆಳೆದು, ಬಿಟ್ಟವನ ಕಿವಿಗೇ ಮರಳಿ ಬಿದ್ದ ದಿನ ಹರವಿ ಏಳುತ್ತದೆಂದು ಅವರ ನಂಬಿಕೆ. ಊರವರಿಗೂ ಇದು ಗೊತ್ತು. ಆದರೂ ಅವರು ಮನಸಾರೆ ಕೇಳಿ, ಮನಸಾರೆ ಮುಂದಕ್ಕೆ ದಾಟಿಸುತ್ತಿದ್ದರು. ಒಳ್ಳೆಯ ಸುದ್ದಿಯನ್ನು ಯಾರು ತಾನೇ ಹೊಟ್ಟೆಯಲ್ಲಿಟ್ಟುಕೊಂಡಾರು! ಇದಕ್ಕೆ ಒಂದೇ ಕಟ್ಟುಪಾಡು: ಹರವಿಯ ಸುದ್ದಿಯಲ್ಲಿ ಮರ ಬರಲಿ, ಕಲ್ಲು ಬರಲಿ, ಮೃಗ ಪಕ್ಷಿ ಬರಲಿ, ಬದುಕಿರುವ ಮನುಷ್ಯರ ಹೆಸರು ಬರಕೂಡದು.

ಆ ವರುಷ ಕಾರ್ತಿಕದಲ್ಲೇ ಚಳಿ ಬಿದ್ದಿತು. ಸಂಕ್ರಾಂತಿಯ ಚಂದ್ರಕಾಳಿ ಸೀರೆಗಳಿಗೆ ಕಡುನೀಲಿ ನೂಲು ಬೇಕೆಂದು ನೇಕಾರರೆಲ್ಲ ಕಂಠೆಪ್ಪನ ಬಾಗಿಲು ಕಾಯುತ್ತಿದ್ದಾಗ ಅವನ ಹರವಿ ಮುನಿಸಿಕೊಂಡಿತು. ಕರಡಿ, ಕೊಕ್ಕರೆ, ಎರಡು ತಲೆಯ ಆಮೆ, ಎಲ್ಲವನ್ನೂ ಬಿಟ್ಟು ನೋಡಿದ. ಜನ ಕೇಳಿದರು, ನಕ್ಕರು, ಮರೆತರು. ಹರವಿ ಏಳಲಿಲ್ಲ. ಕಂಠೆಪ್ಪ ಕಂಗೆಟ್ಟ. ಒಂದು ಮುಂಜಾನೆ ಹಳ್ಳದ ದಂಡೆಯಲ್ಲಿ ನಾಲ್ಕು ಜನ ನಿಂತಿದ್ದಾಗ ಅವನ ಬಾಯಿಂದ ಈ ಮಾತು ಬಂದೇಬಿಟ್ಟಿತು.

"ಕೊಳ್ಳದ ಹೊಂಡದಾಗ ನಮ್ಮ ತುಂಗಕ್ಕ ಮಾರಿ ತೊಳಕೊಳ್ಳಾಕತ್ತಿದ್ಳು. ಬಾಜೂಕ ಆಕಿ ಕೊಡ ಇತ್ತು. ಹಾವೊಂದು ಬಂದು ಆ ಕೊಡದಾಗ ಹೆಡಿ ಇಟ್ಟು ನೀರ ಕುಡೀತು. ಆಕಿ ಅದರ ಬೆನ್ನ ಸವರಿದ್ಳು. ಈ ಕಣ್ಣೀಲೆ ಕಂಡೀನಿ!"

ತುಂಗವ್ವ ಒಬ್ಬಂಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಗುಡ್ಡದ ಸೀತಾಫಲ, ಬಾರೆಹಣ್ಣು, ಕಾಡು ನೆಲ್ಲಿಕಾಯಿ ಬುಟ್ಟಿಯಲ್ಲಿ ತಂದು ಓಣಿ ಓಣಿ ತಿರುಗಿ ಮಾರುತ್ತಿದ್ದಳು. ಯಾವ ಮರ ಯಾವ ವಾರ ಹಣ್ಣಾಗುತ್ತದೆಂದು ಅವಳಷ್ಟು ಬಲ್ಲವರು ಊರಲ್ಲಿರಲಿಲ್ಲ. ಕಂಠೆಪ್ಪನ ಮಾತಿನಲ್ಲಿ ಕೇಡಿರಲಿಲ್ಲ. ಅವಳು ಹೊಂಡದಲ್ಲಿ ಮುಖ ತೊಳೆಯುವುದನ್ನು ಅವನು ಕಂಡದ್ದು ನಿಜ, ಹಾವು ಮಾತ್ರ ಅವನದು. ಆ ಕ್ಷಣಕ್ಕೆ ಅದು ಅವನಿಗೇ ಚೆಂದದೊಂದು ಕನಸಿನ ಹಾಗೆ ತೋರಿತು.

ಆದರೆ ಮನುಷ್ಯರ ಹೆಸರು ಹೊತ್ತ ಸುದ್ದಿ ಕರಡಿಯ ಸುದ್ದಿಯಂತೆ ನಿಲ್ಲುವುದಿಲ್ಲ. ಸಂತೆಯ ಹೊತ್ತಿಗೆ ಹಾವು ತುಂಗವ್ವನ ಮಾತು ಕೇಳುತ್ತಿತ್ತು. ಮರುದಿನ ಅವಳು ಹಾವಿಗೆ ಹಾಲೆರೆದು ಸಾಕಿದ್ದಳು. ಮೂರನೆಯ ದಿನ ಗಾಣಿಗರ ಗೌರವ್ವನ ಮೊಮ್ಮಗುವಿಗೆ ಜ್ವರ ಬಂದಿತು, ಅದು ತುಂಗವ್ವನ ಸೀತಾಫಲ ತಿಂದಿತ್ತಂತೆ. ಆಮೇಲೆ ಕೇಳುವುದೇನು! ಅವಳ ಬುಟ್ಟಿ ಕಂಡರೆ ಬಾಗಿಲು ಮುಚ್ಚಿದರು. ಬಾವಿಯ ಹತ್ತಿರ ಬಂದರೆ ಕೊಡ ಎತ್ತಿಕೊಂಡು ಸರಿದರು. "ಕಂಠೆಪ್ಪಣ್ಣ, ನಿನಗ ತಿಳೀತಿಲ್ಲೋ? ತುಂಗವ್ವ ಹಾವಿನ ಕಡೀಂದ ಮಕ್ಕಳ ಉಸಿರು ಕುಡಸ್ತಾಳಂತ," ಎಂದು ಒಬ್ಬಾತ ಕಂಠೆಪ್ಪನಿಗೇ ಬಂದು ಹೇಳಿದ.

ಆಗಲೇ ಒಳಗಿನಿಂದ ಅವನ ಹೆಂಡತಿ ಸಾವಂತ್ರೆವ್ವ ಕೂಗಿದಳು: "ಬರ್ರಿ ಇಲ್ಲೆ, ಹರವಿ ಎದ್ದೈತಿ!"

ಹೌದು, ಎದ್ದಿತ್ತು. ತಾಮ್ರದ ನೊರೆ ಕಂಠದವರೆಗೆ ಉಕ್ಕಿತ್ತು. ಅದ್ದಿದ ನೂಲು ಹಿಂದೆಂದೂ ಕಾಣದ ನೀಲಿಯಾಗಿ ಬಂದಿತು. ಕಂಠೆಪ್ಪ ಆ ನೀಲಿಯನ್ನು ನೋಡುತ್ತ ನಿಂತ, ಬಂದವನಿಗೆ ಉತ್ತರ ಹೇಳುವುದನ್ನು ಬಿಟ್ಟ. ಅವನ ತಪ್ಪು ಅದು. ಸುದ್ದಿ ಬಿಟ್ಟದ್ದನ್ನು ಬೇಕಾದರೆ ಕ್ಷಮಿಸಬಹುದು. ಅದು ವಿಷವಾಗಿ ಮರಳಿ ಬಂದಾಗ ತಡೆಯದೆ, ಹರವಿಯ ಮುಂದೆ ಹಿಗ್ಗಿ ನಿಂತನಲ್ಲ, ಅದನ್ನು ಕ್ಷಮಿಸುವುದು ಕಷ್ಟ.

ನಾಲ್ಕಾರು ದಿನಗಳಲ್ಲಿ ತುಂಗವ್ವ ಊರು ಬಿಟ್ಟಳು. ಯಾರೂ ಹೊರಗೆ ಹಾಕಲಿಲ್ಲ. ಮಾತಾಡಿಸುವವರಿಲ್ಲದೆ ತಾನೇ ಒಂದು ಗಂಟು ಕಟ್ಟಿಕೊಂಡು ಕೊಳ್ಳದ ಮೇಲ್ಗಡೆಯ ಬಂಡೆಯ ಮರೆಯಲ್ಲಿ ಹೋಗಿ ಇದ್ದಳು. ಊರಿನ ಮಗ್ಗಗಳ ಮೇಲೆ ಚಂದ್ರಕಾಳಿ ಸೀರೆಗಳು ಏರಿದವು. ಇಂಥ ನೀಲಿ ನಿನ್ನ ಅಪ್ಪನ ಕಾಲಕ್ಕೂ ಬಂದಿರಲಿಲ್ಲವೆಂದು ನೇಕಾರರು ಹೊಗಳಿದರು. ಕಂಠೆಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ.

ಪುಷ್ಯದಲ್ಲೊಂದು ದಿನ ತಗಚೆ ಬೀಜ ಹುಡುಕುತ್ತ ಅವನು ಗುಡ್ಡ ಹತ್ತಿದ್ದ. ಎಳೆಬಿಸಿಲು ಕೆಂಪು ಬಂಡೆಗಳ ಮೇಲೆ ಹರಡಿತ್ತು, ಒಣಹುಲ್ಲು ತೂಗುತ್ತಿತ್ತು, ಎಲ್ಲೋ ನವಿಲು ಕೂಗುತ್ತಿತ್ತು. ಬಾರೆ ಗಿಡದ ಹತ್ತಿರ ತುಂಗವ್ವ ಬಗ್ಗಿ ಹಣ್ಣು ಆರಿಸುತ್ತಿದ್ದುದು ಕಂಡಿತು. ಹೆಜ್ಜೆಯ ಸದ್ದಿಗೆ ಅವಳು ಬೆಚ್ಚಿ ನೋಡಿದಳು. ಮನುಷ್ಯನೆಂದು ತಿಳಿದೊಡನೆ ಆರಿಸಿದ ಹಣ್ಣುಗಳನ್ನೆಲ್ಲ ಚೆಲ್ಲಿ ಬಂಡೆಯ ಹಿಂದೆ ಅಡಗಿಕೊಂಡಳು. ಅವನು ಸಣ್ಣವನಿದ್ದಾಗ ಸೊಂಟದ ಮೇಲೆ ಕೂರಿಸಿಕೊಂಡು ತಿರುಗಿದ ಹೆಂಗಸು ಅವಳು! ಬಂಡೆಯ ಅಂಚಿನಲ್ಲಿ ಅವಳ ಸೀರೆಯ ಸೆರಗು ನಡುಗುತ್ತಿದ್ದುದನ್ನು ಕಂಠೆಪ್ಪ ನೋಡಿದ. ಕಾಲುಗಳು ತಾವಾಗಿಯೇ ಅವನನ್ನು ಕೊಳ್ಳದ ಕಡೆಗೆ ಇಳಿಸಿಕೊಂಡು ಹೋದವು.

ಅಜ್ಜನವರು ಎಲೆ ಆರಿಸುತ್ತಿದ್ದರು. ಕಂಠೆಪ್ಪ ಅಡ್ಡಬಿದ್ದು, ತಡೆತಡೆದು ಎಲ್ಲವನ್ನೂ ಹೇಳಿದ. ಹೇಳಿ ಮುಗಿಸಿ, "ಏನಾರ ಪ್ರಾಯಶ್ಚಿತ್ತ ಹೇಳ್ರಿ ಅಜ್ಜಾರ. ಐದು ಸೋಮವಾರ ಉಪಾಸ ಮಾಡತೀನಿ. ಗುಡ್ಡದ ಸುತ್ತ ಉರುಳುಸೇವಾ ಮಾಡತೀನಿ," ಎಂದ. ಉಪವಾಸ, ಉರುಳುಸೇವೆಯೆಲ್ಲ ಅವನಿಗೆ ಸುಲಭವಾಗಿ ಕಂಡಿದ್ದವು ಪಾಪ.

ಅಜ್ಜನವರು ಕೈಯಲ್ಲಿದ್ದ ಎಲೆಯನ್ನು ದಡದಲ್ಲಿಟ್ಟು, "ಊರಾಗ ಹೋಗಿ ಖರೇ ಹೇಳು," ಎಂದರು. ಮತ್ತೆ ನೀರಿನ ಕಡೆಗೆ ತಿರುಗಿದರು.

ಕಂಠೆಪ್ಪ ಅಂದೇ ಗುಡಿಯ ಕಟ್ಟೆಯ ಹತ್ತಿರ ಹೋದ. ಸಂಜೆ ಮಗ್ಗ ನಿಲ್ಲಿಸಿ ನೇಕಾರರು ಬಂದು ಕೂತು ಎಲೆಯಡಿಕೆ ಹಾಕುವ ಹೊತ್ತು. ಅವನು ನಡುವೆ ನಿಂತು ಹೇಳಿದ: "ಕೇಳ್ರೆಪ್ಪಾ, ತುಂಗಕ್ಕನ ಹಾವಿನ ಮಾತು ಸುಳ್ಳು. ನಾನ ಹುಟ್ಟಿಸಿದ್ದು. ಆಕಿ ಹಾವೂ ಸಾಕಿಲ್ಲ, ಏನೂ ಸಾಕಿಲ್ಲ."

ಒಂದು ಗಳಿಗೆ ಎಲ್ಲರೂ ಅವನ ಮುಖ ನೋಡಿದರು. ಆಮೇಲೆ ಹಿರಿಯ ನೇಕಾರ ಮುದುಕಪ್ಪ ಎಲೆಗೆ ಸುಣ್ಣ ಸವರುತ್ತ ಕೇಳಿದ: "ಯಾಕೋ ಕಂಠಿ, ಹರವಿ ಮತ್ತ ಮುನಿಸಿತೇನು?"

ಕಟ್ಟೆಗೆ ಕಟ್ಟೆಯೇ ನಕ್ಕಿತು.

"ಇಲ್ಲ ಮಾವಾ, ಹರವಿ ಚಲೋ ಐತಿ. ಇದು ಹರವಿ ಸುದ್ದಿ ಅಲ್ಲ, ಖರೇನ ಹೇಳಾಕತ್ತೀನಿ!"

"ಖರೇ ಅಂತ ಹೇಳದ ಹರವಿ ಸುದ್ದಿ ಯಾವುದು ಐತೋ? ಕೊಕ್ಕರಿ ಮೊಟ್ಟಿ ದಿನಾನೂ ನೀ ಹಿಂಗ ಅಂದಿದ್ದಿ," ಎಂದ ಮುದುಕಪ್ಪ. ನಗು ಇನ್ನಷ್ಟು ಜೋರಾಯಿತು. ಕಂಠೆಪ್ಪ ದೇವರ ಮೇಲೆ ಆಣೆ ಇಟ್ಟ, ಸತ್ತ ತಂದೆಯ ಮೇಲೆ ಆಣೆ ಇಟ್ಟ. ಆಣೆ ಇಟ್ಟಷ್ಟೂ ಈ ಸಲ ಇವನ ಹರವಿಗೆ ಭಾರಿ ಸಿಟ್ಟೇ ಬಂದಿರಬೇಕೆಂದು ಜನ ಕನಿಕರಪಟ್ಟರು. ಮರುದಿನ ಬಾವಿಕಟ್ಟೆಯಲ್ಲಿ ಹೇಳಿದ. ಸಂತೆಯಲ್ಲಿ ಹೇಳಿದ. ಮಗ್ಗದ ಗುಂಡಿಗಳ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಒಬ್ಬೊಬ್ಬರಿಗೂ ಹೇಳಿದ. ವಾರ ಕಳೆಯುವಷ್ಟರಲ್ಲಿ ಆ ಮಾತು ಊರೆಲ್ಲ ತಿರುಗಿ ಅವನ ಕಿವಿಗೇ ಮರಳಿತು. ಆದರೆ ಹೇಗೆ ಮರಳಿತೆಂದರೆ, ತುಂಗವ್ವ ಗುಡ್ಡದಲ್ಲಿ ಕಂಠೆಪ್ಪನಿಗೆ ಏನೋ ಮಾಡಿದ್ದಾಳೆ, ಈಗ ಅವನು ಅವಳ ಪರವಾಗಿ ಮಾತಾಡುತ್ತ ತಿರುಗುತ್ತಿದ್ದಾನೆ, ಎಂದು.

ಇದ್ದದ್ದಕ್ಕಿಂತ ಕೆಟ್ಟದ್ದಾಯಿತು. ಕಂಠೆಪ್ಪನಿಗೆ ಊರಿನ ಮೇಲೆ ಸಿಟ್ಟು ಬಂದಿತು, ತನ್ನ ಮೇಲೆ ಬಂದಿತು, ಕೊನೆಗೆ ಅಜ್ಜನವರ ಮೇಲೂ ಬಂದಿತು. ಮೂಡಲು ಕೆಂಪಾಗುವ ಹೊತ್ತಿಗೆ ದಾಪುಗಾಲು ಹಾಕಿ ಕೊಳ್ಳಕ್ಕೆ ಹೋದ. ಈ ಸಲ ಅಡ್ಡಬೀಳಲಿಲ್ಲ.

"ನೀವು ಹೇಳಿದಂಗ ಮಾಡಿದೆ ಅಜ್ಜಾರ. ಏನಾತು? ಆಕಿ ಹೆಸರು ಇನ್ನೂ ಕೆಟ್ಟಿತು. ನನ್ನ ಬಾಯಾಗ ಬಂದ್ರ ಖರೇನೂ ಸುಳ್ಳಾಗತೈತಿ. ಇದಕ್ಕೇನಂತೀರಿ?"

ಅಜ್ಜನವರು ಅವನನ್ನು ಪ್ರೀತಿಯಿಂದ ನೋಡಿದರು. ಸಿಟ್ಟು ಮಾಡಿದ ಮಗುವನ್ನು ಅಜ್ಜ ನೋಡುವ ನೋಟ ಅದು. ಆಮೇಲೆ ಕೇಳಿದರು:

"ಹರವಿ ಹೆಂಗೈತಿ ಕಂಠೆಪ್ಪಾ?"

"ಹರವಿಗೇನಾಗೈತ್ರಿ, ಭೇಷ್ ಐತಿ," ಎಂದ ಅವನು, ಬಿರುಸಿನಿಂದಲೇ.

ಅಜ್ಜನವರು ಮತ್ತೆ ಎಲೆ ಆರಿಸತೊಡಗಿದರು. ಕಂಠೆಪ್ಪ ಎದ್ದು ಹೋಗಲಿಲ್ಲ. ಎದ್ದು ಹೋಗಬೇಕೆಂದೇ ಇದ್ದ, ಆದರೆ ಆ ಜಾಗದಲ್ಲಿ ಸಿಟ್ಟನ್ನು ಬಹಳ ಹೊತ್ತು ಹಿಡಿದುಕೊಂಡು ಕೂಡುವುದು ಆಗದ ಮಾತು. ಬಂಡೆಯಿಂದ ಹನಿಗಳು ಬೀಳುತ್ತಿದ್ದವು. ಒಂದೊಂದು ಹನಿಗೂ ಹೊಂಡದ ಆಕಾಶ ಮೆಲ್ಲಗೆ ಕದಡಿ, ಮೆಲ್ಲಗೆ ಕೂಡಿಕೊಳ್ಳುತ್ತಿತ್ತು. ಪಾಚಿಯ ಮೇಲೆ ಏರೋಪ್ಲೇನ್ ಚಿಟ್ಟೆಯೊಂದು ಬಂದು ಕೂತಿತು, ಹಾರಿತು, ಮತ್ತೆ ಅಲ್ಲಿಗೇ ಬಂದಿತು. ಬಿಸಿಲು ಕೊಳ್ಳದ ಗೋಡೆಯಲ್ಲಿ ಗೇಣು ಗೇಣಾಗಿ ಇಳಿದು ಅವನ ಮೊಣಕಾಲನ್ನು ಮುಟ್ಟಿತು. ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಆ ಹೊತ್ತಿನಲ್ಲಿ ಅವನಿಗೆ ತನ್ನ ಹರವಿಯೇ ನೀರಿನಲ್ಲಿ ಕಂಡಂತಾಯಿತು. ಅದರ ಉಕ್ಕಿದ ನೊರೆ, ಅದರ ಸುತ್ತ ಕೂತು ತುಂಗಕ್ಕನ ವಿಷಯ ಆಡುತ್ತಿರುವ ಇಡೀ ಊರು.

ಒಮ್ಮೆಲೇ ಅವನಿಗೆ ತಿಳಿಯಿತು. ಹರವಿ ಇರುವವರೆಗೆ ಅವನ ಮಾತನ್ನು ಯಾರೂ ನಂಬುವುದಿಲ್ಲ. ಅವನು ಏನು ಹೇಳಿದರೂ ಅದು ಹರವಿಗಾಗಿಯೇ ಹೇಳಿದ್ದು. ಹರವಿ ಇಲ್ಲವಾದವನಿಗೆ ಮಾತ್ರ ಸುಳ್ಳು ಹೇಳಲು ಕಾರಣವಿರುವುದಿಲ್ಲ.

"ಅಜ್ಜಾರ, ಅದು ನಮ್ಮ ಮುತ್ತಜ್ಜನ ಕಾಲದ್ದು," ಎಂದ, ಕೇಳಿಸಿಯೂ ಕೇಳಿಸದ ದನಿಯಲ್ಲಿ.

"ಹೌದು," ಎಂದರು ಅಜ್ಜನವರು. ಅವರ ಕಣ್ಣು ತುಂಬಿದ್ದವು. ಮಾಡು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಮಹಾತ್ಮರು ನಮ್ಮ ಭಾರವನ್ನು ಕಂಡು ಅಳುತ್ತಾರೆಯೇ ಹೊರತು ನಾವು ಎತ್ತಬೇಕಾದದ್ದನ್ನು ತಾವು ಎತ್ತಿ ನಮ್ಮನ್ನು ಸಣ್ಣವರನ್ನಾಗಿ ಮಾಡುವುದಿಲ್ಲ.

ಕಂಠೆಪ್ಪ ಮನೆಗೆ ಬಂದು ಹೆಂಡತಿಯ ಮುಂದೆ ಕೂತ. ಇಷ್ಟು ದಿನ ಅವಳಿಗೂ ಪೂರ್ತಿ ಹೇಳಿರಲಿಲ್ಲ. ಈಗ ಹೇಳಿದ. ಸಾವಂತ್ರೆವ್ವ ಬಹಳ ಹೊತ್ತು ಹರವಿಯ ಕಡೆಗೇ ನೋಡಿದಳು.

"ನಾ ಈ ಮನಿಗೆ ಬಂದ ದಿನ ನಿಮ್ಮವ್ವ ಇದಕ್ಕ ಕೈಮುಗಿಸಿದ್ಳು," ಎಂದಳು. "ನನ್ನ ಹೊಟ್ಟೀಲೆ ಮಕ್ಕಳು ಹುಟ್ಟಲಿಲ್ಲ. ಇದನ್ನ ಮಗಾ ಅಂತ ತಿಳದು ಜ್ವಾಪಾನ ಮಾಡೀನಿ."

ಅವಳು ಎದ್ದು ಹಣೆಗೆ ಕುಂಕುಮ ಹಚ್ಚಿಕೊಂಡಳು. ಹರವಿಯ ಕಂಠಕ್ಕೂ ಹಚ್ಚಿ, ಬಗ್ಗಿ ನಮಸ್ಕಾರ ಮಾಡಿದಳು. ಆಮೇಲೆ ಮೂಲೆಯಲ್ಲಿದ್ದ ಎರಡು ಕೊಡಗಳನ್ನು ತಂದು ಒಂದನ್ನು ಗಂಡನ ಕೈಗೆ ಕೊಟ್ಟಳು. ಇಂಥ ಹೆಂಡಂದಿರ ಹೆಸರು ಪುರಾಣಗಳಲ್ಲಿ ಬರುವುದಿಲ್ಲ, ಆದ್ದರಿಂದ ಇಲ್ಲಿ ಇನ್ನೊಮ್ಮೆ ಬರೆಯುತ್ತೇನೆ: ಅವಳ ಹೆಸರು ಸಾವಂತ್ರೆವ್ವ.

ಹೂತ ಹರವಿಯನ್ನು ಮಗುಚಿ ಸುರಿಯಲು ಬರುವುದಿಲ್ಲ. ಕೊಡಕೊಡವಾಗಿ ತೋಡಿ ಹೊರಗೆ ಹೊರಬೇಕು. ನಡುಹಗಲು, ಓಣಿಯಲ್ಲಿ ಮಗ್ಗಗಳ ಸದ್ದು. ಗಂಡಹೆಂಡಿರು ಕೊಡ ಹೊತ್ತು ಹಳ್ಳದ ದಂಡೆಗೆ ನಡೆದರು, ಸುರಿದರು, ಮರಳಿದರು. ಮೊದಲನೆಯ ಕೊಡ ಕಂಡವರು ನೂಲು ತೊಳೆದ ನೀರಿರಬೇಕೆಂದುಕೊಂಡರು. ನಾಲ್ಕನೆಯ ಕೊಡಕ್ಕೆ ಪಕ್ಕದ ಮನೆಯ ನೀಲಗಾರ ಓಡಿ ಬಂದು, "ಕಂಠಿ, ತಲಿ ಕೆಟ್ಟೈತೇನೋ ನಿನಗ!" ಎಂದು ಕೈ ಹಿಡಿದ. ಕಂಠೆಪ್ಪ ಕೈ ಬಿಡಿಸಿಕೊಂಡು ಮುಂದೆ ಹೋದ. ಒಂದೊಂದೇ ಮಗ್ಗ ನಿಂತಿತು. ಜನ ಹಳ್ಳದ ಎರಡೂ ದಂಡೆಗೆ ಬಂದು ನಿಂತರು.

ಹರವಿಯ ನೀರು ಹಳ್ಳಕ್ಕೆ ಬೀಳುವಾಗ ಎಳೆಹಸಿರಾಗಿತ್ತು. ನಾಲ್ಕು ಮಾರು ಹರಿಯುವಷ್ಟರಲ್ಲಿ ಗಾಳಿಯುಂಡು ನೀಲಿಯಾಯಿತು. ಹಾಸುಗಲ್ಲುಗಳ ನಡುವೆ, ಜಂಬುಹುಲ್ಲಿನ ಬೇರುಗಳ ನಡುವೆ, ದನಗಳು ನೀರು ಕುಡಿಯುವ ಮಡುವಿನಲ್ಲಿ, ಎಲ್ಲಿ ನೋಡಿದರೂ ನೀಲಿ. ಮಧ್ಯಾಹ್ನದ ಆಕಾಶವೇ ಇಳಿದು ಬಂದು ಊರನ್ನು ಹಾದು ಹೊಲಗಳ ಕಡೆಗೆ ಮೆಲ್ಲಗೆ ನಡೆದು ಹೋಗುತ್ತಿರುವಂತಿತ್ತು. ಅಂಥ ಚೆಲುವನ್ನೂ ಅಂಥ ನಷ್ಟವನ್ನೂ ಒಟ್ಟಿಗೆ ಕಂಡಾಗ ಮನುಷ್ಯರಿಗೆ ಮಾತು ಸಿಗುವುದಿಲ್ಲ.

ಕೊನೆಯ ಕೊಡದಲ್ಲಿ ಗಸಿ ಬಂದಿತು, ನಾಲ್ಕು ತಲೆಮಾರಿನ ಗಸಿ. ಅದನ್ನೂ ಸುರಿದು ಕಂಠೆಪ್ಪ ನೆಟ್ಟಗೆ ನಿಂತ. ಮೊಣಕೈಯವರೆಗೆ ನೀಲಿಯಾಗಿತ್ತು. ಈ ಸಲ ಆಣೆ ಇಡಲಿಲ್ಲ.

"ಹರವಿ ಹೋತು. ಇನ್ನ ನನಗ ಎಬ್ಬಸಾಕ ಏನೂ ಉಳದಿಲ್ಲ," ಎಂದ. "ತುಂಗಕ್ಕನ ಹಾವು ನಾ ಹುಟ್ಟಿಸಿದ್ದು."

ಎಲೆಯಡಿಕೆ ಮುದುಕಪ್ಪ ಮೊದಲು ತಲೆ ತಗ್ಗಿಸಿದ. ದಂಡೆಯ ಮೇಲೆ ಹೆಂಗಸರ ಗುಂಪಿನಲ್ಲಿ ಯಾರೋ ಬಿಕ್ಕಿದರು. ಗಾಣಿಗರ ಗೌರವ್ವ. ಅವಳು ಮುಂದೆ ಬಂದು ಹೇಳಿದಳು: "ಕೂಸಿಗೆ ಜ್ವರ ಹಣ್ಣು ತಿನ್ನೂಕಿಂತ ಎರಡ ದಿನ ಮೊದಲ ಇತ್ತು. ನನಗ ಗೊತ್ತಿತ್ತು. ಎಲ್ಲಾರೂ ಹಂಗ ಅಂದ್ರು ಅಂತ ನಾನೂ ಅಂದೆ."

"ಹಾಲು ಎರೀತಾಳ ಅಂದಾಂವ ನಾನು," ಎಂದ ಮುದುಕಪ್ಪ, ನೆಲ ನೋಡುತ್ತ. "ಎಲಿ ಹಾಕ್ಕೋತ ಕೂತಿದ್ದೆ. ಬಾಯಾಗ ಬಂತು, ಅಂದೆ."

ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು. ಕೆಲವರು ಬಾಯಿಬಿಟ್ಟು ಹೇಳಿದರು, ಕೆಲವರು ಸೆರಗು ಬಾಯಿಗೆ ಹಿಡಿದು ನಿಂತರು. ಹಾವನ್ನು ಹುಟ್ಟಿಸಿದವನು ಒಬ್ಬನೇ ಆದರೂ ಅದನ್ನು ಸಾಕಿದ್ದು ಇಡೀ ಊರೆಂಬುದು ಬಯಲಾಯಿತು. ಯಾರು ಮೊದಲು ಹೆಜ್ಜೆ ಇಟ್ಟರೋ ತಿಳಿಯದು. ಹಳ್ಳದ ದಂಡೆ ಹಿಡಿದು ಊರಿಗೆ ಊರೇ ಕೊಳ್ಳದ ಕಡೆಗೆ ಹೊರಟಿತು.

ತುಂಗವ್ವ ಆ ಹೊತ್ತಿಗೆ, ಎಲ್ಲಿ ಹೋದರೂ ಬಿಡದ ತನ್ನ ಗಂಟಿನೊಂದಿಗೆ, ಹೊಂಡಕ್ಕೆ ನೀರಿಗೆಂದು ಇಳಿದು ಬಂದಿದ್ದಳು. ಕೊಳ್ಳದ ಬಾಯಿಯಲ್ಲಿ ಅಷ್ಟೊಂದು ಜನ ಬರುವುದನ್ನು ಕಂಡು ಅವಳ ಜೀವ ಹಾರಿತು. ತನ್ನನ್ನು ಬಡಿಯಲೇ ಬಂದರೆಂದು ತಿಳಿದು ಕೊಡ ಬಿಟ್ಟು, ಗಂಟು ಬಾಚಿಕೊಂಡು ಬಂಡೆ ಹತ್ತತೊಡಗಿದಳು. ಕಾಲು ಜಾರಿತು, ಮತ್ತೆ ಹತ್ತಿದಳು. ಜನ ಗಾಬರಿಯಿಂದ "ತುಂಗವ್ವಾ, ನಿಲ್ಲು ನಿಲ್ಲು" ಎಂದು ಕೂಗುತ್ತ ಮುಂದೆ ನುಗ್ಗಿದರು. ಕೂಗಿದಷ್ಟೂ ಅವಳು ಇನ್ನೂ ಹೆದರಿ ಮೇಲೆ ಮೇಲೆ ಹೋದಳು.

ಆಗ ಅಜ್ಜನವರು ಎದ್ದು ನಿಂತು ಜನರ ಕಡೆಗೆ ಕೈ ತೋರಿಸಿ ಒಂದೇ ಮಾತು ಆಡಿದರು.

"ಕೂಡ್ರಿ."

ಇದ್ದಲ್ಲೇ ಎಲ್ಲರೂ ಕೂತರು. ಮುದುಕರು, ಹೆಂಗಸರು, ಕೂಸು ಎತ್ತಿಕೊಂಡವರು, ಕಲ್ಲಿನ ಮೇಲೆ, ಮರಳಿನಲ್ಲಿ, ಕೆಲವರು ಹಳ್ಳದ ನೀರಿನಲ್ಲಿಯೇ. ತುಂಗವ್ವ ಮೇಲಿನಿಂದ ತಿರುಗಿ ನೋಡಿದಳು. ಕೂತ ಜನರಿಗೆ ಯಾರು ಹೆದರುತ್ತಾರೆ? ಅವಳ ಕಾಲು ನಿಂತವು. ಅಜ್ಜನವರು ಕಂಠೆಪ್ಪನ ಕಡೆಗೆ ನೋಡಿದರು. ಅವನೊಬ್ಬನೇ ಎದ್ದು, ಬಂಡೆ ಹತ್ತಿ, ಅವಳಿಗಿಂತ ಎರಡು ಹೆಜ್ಜೆ ಕೆಳಗೆ ನಿಂತು, ತಾನು ಮಾಡಿದ್ದನ್ನೆಲ್ಲ ಹೇಳಿದ. ಹಾವನ್ನು ಹೇಳಿದ, ಹರವಿ ಎದ್ದ ದಿನ ತಾನು ಸುಮ್ಮನಿದ್ದುದನ್ನೂ ಹೇಳಿದ. ಕ್ಷಮಿಸು ಎಂದು ಕೇಳಲು ಅವನಿಗೆ ಧೈರ್ಯ ಸಾಲಲಿಲ್ಲ.

ತುಂಗವ್ವ ಅವನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಹೊಂಡದ ಈಚೆ ದಡದಲ್ಲಿ ಕೂತಿದ್ದ ಸಾವಂತ್ರೆವ್ವನ ಕೈಯೂ ಹಾಗೆಯೇ ನೀಲಿಯಾಗಿದ್ದುದು ಅವಳಿಗೆ ಕಂಡಿತು.

"ಹರವಿ ಎಲ್ಲೈತೋ?" ಎಂದು ಕೇಳಿದಳು.

"ಹಳ್ಳಕ್ಕ ಬಿಟ್ಟೆ ತುಂಗಕ್ಕ. ಅದು ಇರೂತನಕ ನನ್ನ ಮಾತು ಯಾರೂ ನಂಬಲಿಲ್ಲ."

ಅವಳ ಕೈಯಿಂದ ಗಂಟು ಜಾರಿ ಬಿತ್ತು. "ಗಸಿನೂ?"

"ಗಸಿನೂ."

"ಅಯ್ಯೋ ಶಿವನ!" ಎಂದು ಅವಳು ಹಣೆ ಬಡಿದುಕೊಂಡಳು. "ನಿಮ್ಮಪ್ಪ ಸಾಯೂ ಹೊತ್ತಿನ್ಯಾಗ ಹರವಿ ಹರವಿ ಅಂತ ಅಂದು ಕಣ್ಣು ಮುಚ್ಚಿದನಲ್ಲೋ! ಇನ್ನ ಏನು ಮಾಡಿ ಉಣ್ಣುವಿ? ನಂದೇನೋ, ಒಂದು ಹೊಟ್ಟಿ, ಬಾರೆಹಣ್ಣು ತಿಂದು ಬದಕ್ತಿದ್ದೆ. ನನ್ನ ಸಲುವಾಗಿ ಯಾಕ ಚೆಲ್ಲಿದ್ಯೋ ನನ್ನ ತಮ್ಮಾ!"

ತಿಂಗಳುಗಟ್ಟಲೆ ಊರಿನ ಮಾತನ್ನೆಲ್ಲ ಹಲ್ಲು ಕಚ್ಚಿ ನುಂಗಿದ ಹೆಂಗಸು, ಅವನ ಹರವಿ ಹೋದದ್ದಕ್ಕೆ ಗೊಳೋ ಎಂದು ಅತ್ತಳು. ಅಲ್ಲಿಯವರೆಗೆ ಕಂಠೆಪ್ಪನ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. ಗಸಿ ಸುರಿಯುವಾಗಲೂ ಬಂದಿರಲಿಲ್ಲ. ಈಗ ಅವಳ ಪಾದದ ಮೇಲೆ ತಲೆಯಿಟ್ಟು, ತಾಯಿ ಸತ್ತ ದಿನ ಅತ್ತಂತೆ ಅತ್ತ. ಕೆಳಗೆ ಕೂತ ಊರೂ ಅತ್ತಿತು. ಅಜ್ಜನವರು ಎಂದಿನಂತೆ ನೀರಿನ ಹತ್ತಿರ ಕೂತು ಕಣ್ಣು ಮುಚ್ಚಿದ್ದರು. ಅವರ ಮುಖದಲ್ಲಿ ಅಂದು ಕಂಡ ಶಾಂತಿಯನ್ನು ಕಂಡವರು ಸಾಯುವವರೆಗೆ ನೆನೆಯುತ್ತಿದ್ದರು.

ಇಳಿಹೊತ್ತಿನಲ್ಲಿ ತುಂಗವ್ವ ಊರಿಗೆ ಮರಳಿದಳು. ಗೌರವ್ವ ಅವಳ ಕೈ ಹಿಡಿದುಕೊಂಡಿದ್ದಳು. ಅವಳ ಗಂಟು ಕಂಠೆಪ್ಪನ ತಲೆಯ ಮೇಲಿತ್ತು.

ಅಲ್ಲಿಂದಾಚೆಗೆ ಹೊನ್ನಕೊಳ್ಳದ ನೀಲಗಾರರು ಸುದ್ದಿ ಬಿಡುವುದನ್ನು ನಿಲ್ಲಿಸಿದರು. ಹರವಿ ಮುನಿಸಿಕೊಂಡರೆ ಹೊಂಡದ ದಡಕ್ಕೆ ಹೋಗಿ ಒಂದು ಹೊತ್ತು ಮಾತಿಲ್ಲದೆ ಕೂತು ಬರುತ್ತಾರೆ. ಹರವಿ ಏಳುತ್ತದೋ ಬಿಡುತ್ತದೋ, ಕೂತವರ ಮುನಿಸಂತೂ ಇಳಿಯುತ್ತದೆ. ಕಂಠೆಪ್ಪ ಮತ್ತೆ ಹರವಿ ಹೂಡಲಿಲ್ಲ. ಮುದುಕಪ್ಪನ ಮನೆಯಲ್ಲೇ ಮಗ್ಗದ ಕೆಲಸ ಕಲಿತು ಇನ್ನೂ ಇಪ್ಪತ್ತೆರಡು ವರುಷ ಬಾಳಿದ. ಊರಲ್ಲಿ ಏನಾದರೂ ಅನುಮಾನದ ಮಾತು ಎದ್ದರೆ, ಕಟ್ಟೆಯ ಮೇಲಿನ ಹಿರಿಯರು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಇದನ್ನ ಕಂಠೆಪ್ಪ ಕಂಡಾನೇನು?" ಕಂಡಿದ್ದೇನೆ ಎಂದು ಅವನು ಹೇಳಿದರೆ, ಅದರ ಮೇಲೆ ಮತ್ತೆ ಯಾರೂ ಮಾತಾಡುತ್ತಿರಲಿಲ್ಲ.